ಸಾಹೇಬರಿಗೆ ಮೀಸಲಿಟ್ಟ ತಪ್ಪು

ಪಕ್ಕಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನು ಒಂದು ಭಾರೀ ಸುಳ್ಳು ಹೇಳಲಿದ್ದಾನೆ. ಅವನ ತೊಂದರೆ ಏನೆಂದರೆ, ಎದುರಿಗಿರುವವರು ಏನು ಕೇಳಿದರೂ "ಪಕ್ಕಾ!" ಎಂಬ ಮಾತು ಅವನ ಬಾಯಿಂದ ತಾನೇ ತಾನಾಗಿ ಉದುರಿಬಿಡುತ್ತಿತ್ತು. ನಾಳೆ ಬರ್ತೀಯಾ ಅಂದರೆ ಪಕ್ಕಾ. ನಾಳೆ ಬರಬೇಡ ಅಂದರೂ ಪಕ್ಕಾ. ಹೀಗಾಗಿ ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಕಾರ್ಡಿನಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವನು ಪಕ್ಕಣ್ಣನಾಗಿಬಿಟ್ಟಿದ್ದ. ಕಸುಬು ವೈರಿಂಗ್ ಗುತ್ತಿಗೆ. ಕೈಕೆಲಸದಲ್ಲಿ ಎತ್ತಿದ ಕೈ. ಅವನು ಗೋಡೆಯ ಮೇಲೆ ಹೊಡೆದ ವೈರಿಂಗ್ ಪಟ್ಟಿ ಸ್ಕೇಲು ಹಿಡಿದು ಎಳೆದ ಗೆರೆಯಷ್ಟು ನೇರ. ತಲೆ ಮಾತ್ರ ಕೈಯಷ್ಟು ನೇರವಾಗಿ ಕೆಲಸ ಮಾಡುತ್ತಿರಲಿಲ್ಲ.

ಪೇಟೆಯ ಮೂಲೆಯಲ್ಲಿ ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಸಂಜೆ ಐದಾದರೆ ಊರಿನ ಗುತ್ತಿಗೆದಾರರು ಅಲ್ಲಿ ಖಾಲಿ ಕೇಬಲ್ ಡ್ರಮ್ಮುಗಳ ಮೇಲೆ ಕೂತು, ಅಂಗಡಿಯವನ ಟೀ ಕುಡಿದು, ಅಂಗಡಿಯವನಿಂದ ಒಂದು ಮೊಳೆಯನ್ನೂ ಕೊಳ್ಳದೆ ಎದ್ದು ಹೋಗುವುದು ವಾಡಿಕೆ. ಮಾತಿಗೆ ವಿಷಯ ಒಂದೇ: ನಗರಸಭೆಯ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್. ಶಾಲೆ, ಕಾರ್ಖಾನೆ, ಗಿರಣಿ ಏನೇ ಇರಲಿ, ಅವರು ಬಂದು ನೋಡಿ ಸಹಿ ಹಾಕದೆ ಮೇನ್ ಸ್ವಿಚ್ಚಿನ ಸೀಲು ಬಿಚ್ಚುವಂತಿಲ್ಲ. ಹನ್ನೊಂದು ವರ್ಷದಿಂದ ಅದೇ ಸಾಹೇಬರು. ಹನ್ನೊಂದು ವರ್ಷದಿಂದ ಡ್ರಮ್ಮುಗಳ ಮೇಲೆ ಅದೇ ಜಗಳ.

"ರಾಕ್ಷಸ ಕಣ್ರಯ್ಯ ಅವನು! ಅರ್ಥಿಂಗ್ ರಾಕ್ಷಸ!" ಎಂದು ಅವತ್ತೂ ಶುರುಮಾಡಿದವರು ದೊಡ್ಡಪ್ಪ. ಯಾರಿಗೂ ದೊಡ್ಡಪ್ಪನಲ್ಲದಿದ್ದರೂ, ಎಲ್ಲರಿಗಿಂತ ಹಿರಿಯ ಗುತ್ತಿಗೆದಾರರೆಂದು ಎಲ್ಲರೂ ಹಾಗೇ ಕರೆಯುತ್ತಿದ್ದರು. "ಬಂದೋನೇ ಬಗ್ತಾನೆ. ಅರ್ಥ್ ವೈರಿನ ನಟ್ಟು ಹಿಡಿದು ಅಲ್ಲಾಡಿಸ್ತಾನೆ. 'ಸಡಿಲ' ಅಂತ ಬರೀತಾನೆ. ಬೇರೇನೂ ಕಾಣ್ಸೋದೇ ಇಲ್ಲ ಅವನ ಕಣ್ಣಿಗೆ!"

"ಏನ್ ದೊಡ್ಡಪ್ಪ ನೀವು, ಪಾಪದ ಮನುಷ್ಯ ಅವ್ರು," ಎಂದ ಸ್ಟೈಲು. ಮನೆಯೊಳಗೂ ಕಪ್ಪು ಕನ್ನಡಕ ಹಾಕುವ, ಬಾಗಿಲಿಗೆ ಬಗ್ಗಿ ಬರಬೇಕಾದಷ್ಟು ಉದ್ದದ ಗುತ್ತಿಗೆದಾರ ಅವನು. "ಅರ್ಥಿಂಗ್ ಕಡೆ ಕತ್ತು ತಿರುಗಿಸಿನೂ ನೋಡಲ್ಲ. ಜೇಬಿಂದ ಟೇಪು ತೆಗೀತಾರೆ, ಸ್ವಿಚ್‌ಬೋರ್ಡು ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೀತಾರೆ, ಅಷ್ಟೇ. ದರ್ಜಿ ಆಗ್ಬೇಕಿದ್ದೋರು ಪಾಪ, ಇನ್ಸ್‌ಪೆಕ್ಟರ್ ಆಗ್ಬಿಟ್ಟಿದಾರೆ."

"ದೇವರಂಥವರನ್ನ ಹಾಗೆಲ್ಲ ಅನ್ಬೇಡಿ!" ಎಂದು ಇಬ್ಬರನ್ನೂ ಗದರಿಸಿದರು ಅಮ್ಮಾವ್ರು. ಗಂಡ ತೀರಿಕೊಂಡ ಮೇಲೆ ಅವನ ಇಕ್ಕಳ, ಏಣಿ, ಗಿರಾಕಿ ಎಲ್ಲವನ್ನೂ ವಹಿಸಿಕೊಂಡು ಊರಿನ ಏಕೈಕ ಹೆಣ್ಣು ಗುತ್ತಿಗೆದಾರರಾದವರು. "ನನ್ನ ಕೆಲಸದಲ್ಲಿ ಎತ್ತರಾನೂ ಅಳೆದಿಲ್ಲ, ನಟ್ಟೂ ಮುಟ್ಟಿಲ್ಲ. ಬೋರ್ಡಿನ ಬಾಗಿಲು ತೆಗೆದು, ಯಾವ ಸ್ವಿಚ್ಚು ಯಾವುದಕ್ಕೆ ಅಂತ ಹೆಸರು ಬರೆದಿದೆಯಾ ನೋಡ್ತಾರೆ. ಬರೆದಿಲ್ಲ ಅಂದ್ರೆ 'ಬರೀರಿ ತಾಯಿ' ಅಂತಾರೆ. ಎಷ್ಟು ಮರ್ಯಾದೆ!"

ಒಬ್ಬನೇ ಮನುಷ್ಯ ಹೀಗೆ ಮೂರು ಥರ ಇರಲು ಹೇಗೆ ಸಾಧ್ಯ ಎಂದು ಹನ್ನೊಂದು ವರ್ಷದಲ್ಲಿ ಯಾರೊಬ್ಬರೂ ಯೋಚಿಸಿರಲಿಲ್ಲ. ಯೋಚಿಸಿದ್ದರೆ ಸಂಜೆಯ ಮಾತಿಗೇ ಕುತ್ತು ಬರುತ್ತಿತ್ತು.

ಅಂಗಡಿಯವನು ಸುಮ್ಮನಿರಲಾರದೆ ಕೇಳಿದ, "ನಿನಗೆ ಗೊತ್ತೇನೋ ಪಕ್ಕಣ್ಣ ಇನ್ಸ್‌ಪೆಕ್ಟರು?"

ಪಕ್ಕಣ್ಣ ಇನ್ಸ್‌ಪೆಕ್ಟರನ್ನು ಕಣ್ಣಿಂದಲೂ ಕಂಡವನಲ್ಲ. ಈಚಿನವರೆಗೆ ಅವನದೆಲ್ಲ ಮನೆಮನೆಯ ಸಣ್ಣ ಕೆಲಸ, ಅದಕ್ಕೆ ಇನ್ಸ್‌ಪೆಕ್ಟರ್ ಬರುವ ಪ್ರಶ್ನೆಯೇ ಇರಲಿಲ್ಲ. ಆದರೆ ಬಾಯಿ ಎಂದಿನಂತೆ ಕೆಲಸ ಮಾಡಿತು.

"ಪಕ್ಕಾ!"

"ಹೇಗೆ ಗೊತ್ತು?"

ಈಗ ಹಿಂದೆ ಸರಿಯುವುದಕ್ಕೆ ಡ್ರಮ್ಮಿನ ಮೇಲೆ ಜಾಗವಿರಲಿಲ್ಲ. "ಶಾಲೆಯಲ್ಲಿ ಒಂದೇ ಬೆಂಚು," ಎಂದುಬಿಟ್ಟ.

ಟೀ ಲೋಟಗಳು ಗಾಳಿಯಲ್ಲೇ ನಿಂತವು. ರಾಕ್ಷಸನೋ ದೇವರೋ, ಅಂಥವನ ಪಕ್ಕದಲ್ಲಿ ಕೂತು ಪಾಠ ಓದಿದವನು ಇಷ್ಟು ದಿನ ತಮ್ಮ ಜೊತೆ ಡ್ರಮ್ಮಿನ ಮೇಲೆ ಕೂತಿದ್ದಾನೆ! ಅಂಗಡಿಯವನು ಅವನ ಲೋಟಕ್ಕೆ ಕೇಳದೆಯೇ ಇನ್ನಷ್ಟು ಟೀ ಬಗ್ಗಿಸಿದ.

ಮಾತು ಅಲ್ಲಿಗೇ ನಿಂತಿದ್ದರೆ ಕಥೆಯೂ ನಿಲ್ಲುತ್ತಿತ್ತು. ಆದರೆ ಅಂಗಡಿಗೆ ಬಲ್ಬು ಕೊಳ್ಳಲು ಬಂದಿದ್ದ ಒಬ್ಬರು ಪಕ್ಕಣ್ಣನ ಅಕ್ಕನ ಬೀದಿಯವರು. ಪಕ್ಕಣ್ಣ ಸೈಕಲ್ ತುಳಿದು ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಹೋಗಿ ಕೂತಿತ್ತು.

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಇಪ್ಪತ್ತು ವರ್ಷ ಬೇರೆಯವರ ಅಂಗಡಿಯಲ್ಲಿ ಕೂತು ಕಾಜಾ ಹಾಕಿ, ಗುಂಡಿ ಹೊಲಿದು, ಈಗ ಅವಳು ಸ್ವಂತದ್ದೊಂದು ಹೊಲಿಗೆ ಕಾರ್ಖಾನೆ ಮಾಡಿದ್ದಳು. ಉದ್ದನೆಯ ಒಂದು ಕೋಣೆ, ಎರಡು ಸಾಲಿನಲ್ಲಿ ಹನ್ನೆರಡು ಕರೆಂಟ್ ಮಷೀನು, ಹಿಂದೆ ಇಸ್ತ್ರಿ ಮೇಜು. ಹನ್ನೆರಡು ಹೆಂಗಸರು ಸೋಮವಾರದಿಂದ ಕೆಲಸಕ್ಕೆ ಬರುವವರಿದ್ದರು. ಒಂದು ಶಾಲೆಯವರು ಮಕ್ಕಳ ಸಮವಸ್ತ್ರದ ಕೆಲಸ ಕೊಟ್ಟಿದ್ದರು, ಸೋಮವಾರ ಶುರುವಾಗದಿದ್ದರೆ ಬೇರೆಯವರಿಗೆ ಎಂದು ಮೊದಲೇ ಹೇಳಿದ್ದರು. ಶುಕ್ರವಾರ ಇನ್ಸ್‌ಪೆಕ್ಟರ್ ಬರುವ ದಿನ. ಅವತ್ತು ಸಹಿ ಆಗಲಿಲ್ಲವೆಂದರೆ ಮುಂದಿನ ಸರದಿ ಒಂದು ತಿಂಗಳ ಆಚೆಗೆ. ಅಷ್ಟು ಹೊತ್ತಿಗೆ ಸಮವಸ್ತ್ರವೂ ಇಲ್ಲ, ಕಾರ್ಖಾನೆಯೂ ಇಲ್ಲ.

ವೈರಿಂಗ್ ಕೆಲಸವನ್ನು ದೊಡ್ಡಪ್ಪನಿಗೆ ಕೊಡೋಣ ಎಂದು ಭಾವನವರು ಹಟ ಹಿಡಿದಿದ್ದರು. "ನಿನ್ನ ತಮ್ಮ ಒಳ್ಳೆಯವನೇ. ಆದ್ರೆ ಒಳ್ಳೆಯವರ ಕೈಗೆ ಕರೆಂಟ್ ಕೊಡಕ್ಕಾಗಲ್ಲ," ಎಂಬುದು ಅವರ ವಾದ. ಅಕ್ಕ ಒಂದೇ ಮಾತಲ್ಲಿ ಮುಗಿಸಿದ್ದಳು: "ನನ್ನ ತಮ್ಮನ ಕೈ ನಾನು ನೋಡಿದೀನಿ." ಹಾಗೆ ಆ ಕೆಲಸ ಪಕ್ಕಣ್ಣನ ಕೈಗೆ ಬಂದು, ಈಗ ಮುಗಿದೂ ಇತ್ತು.

ಅಂಥ ಭಾವನವರು ಅವತ್ತು ಸಂಜೆ ಬಾಗಿಲಿಗೇ ಬಂದು ನಿಂತಿದ್ದರು. "ಬಾಪ್ಪ, ಬಾ. ಒಂದೇ ಬೆಂಚಂತೆ? ಇಷ್ಟು ದಿನ ಒಂದು ಮಾತು ಹೇಳ್ಬಾರ್ದಾ!" ಎಂದು ತಾವೇ ಕುರ್ಚಿ ಎಳೆದು ಹಾಕಿದರು. ಹದಿನೆಂಟು ವರ್ಷದಲ್ಲಿ ಆ ಮನೆಯಲ್ಲಿ ಪಕ್ಕಣ್ಣನಿಗೆ ಸ್ಟೂಲಿಗಿಂತ ಮೇಲಿನ ಆಸನ ಸಿಕ್ಕಿದ್ದಿಲ್ಲ. ಅವನು ಕುರ್ಚಿಯ ತುದಿಯಲ್ಲಿ ಕೂತ. ನಿಜ ಹೇಳಬೇಕೆಂದು ಬಾಯಿ ತೆರೆದ.

"ಸ್ನೇಹಿತ ಅಂದ್ಮೇಲೆ ಸಹಿ ಆಗೋದು ಗ್ಯಾರಂಟಿ ತಾನೇ?" ಎಂದರು ಭಾವ.

"ಪಕ್ಕಾ!" ಎಂದಿತು ಬಾಯಿ.

ಮರುದಿನದಿಂದ ಬೀದಿಯವರೆಲ್ಲ ಅಹವಾಲು ಹಿಡಿದು ಬಂದರು. ಎದುರುಮನೆಯ ಅಜ್ಜನಿಗೆ ಬೀದಿದೀಪದ ಬೆಳಕು ನೇರ ಹಾಸಿಗೆಯ ಮೇಲೆ ಬೀಳುತ್ತಿತ್ತಂತೆ, ಕಂಬವನ್ನು ಎರಡು ಮಾರು ಸರಿಸಲು ಸ್ನೇಹಿತನಿಗೆ ಹೇಳಬೇಕು. ಅಜ್ಜನ ಪಕ್ಕದ ಮನೆಯಾಕೆಗೆ ಆ ಕಂಬ ಇದ್ದಲ್ಲೇ ಇರಬೇಕು, ಅದನ್ನೂ ಸ್ನೇಹಿತನಿಗೆ ಹೇಳಬೇಕು. ಪಕ್ಕಣ್ಣ ಇಬ್ಬರಿಗೂ ಪಕ್ಕಾ ಎಂದ.

ಇನ್ನು ಗುತ್ತಿಗೆದಾರರು. ಇನ್ಸ್‌ಪೆಕ್ಟರ ಸ್ನೇಹಿತನಿಗೆ ಉಪಕಾರ ಮಾಡಿ ಪುಣ್ಯ ಕಟ್ಟಿಕೊಳ್ಳಲು ಒಬ್ಬೊಬ್ಬರೂ ಗುಟ್ಟಾಗಿ ಬಂದರು. ಮೊದಲು ದೊಡ್ಡಪ್ಪ. ಅವನನ್ನು ಮೂಲೆಗೆ ಕರೆದೊಯ್ದು, ಆಚೀಚೆ ನೋಡಿ, ಕಿವಿಯಲ್ಲಿ ಹೇಳಿದರು:

"ಸ್ನೇಹ ಬೇರೆ, ಡ್ಯೂಟಿ ಬೇರೆ ಕಣಯ್ಯ. ನಮ್ಮ ಕಸುಬಿನ ಗುಟ್ಟು ಹೇಳ್ತೀನಿ ಕೇಳು. ಕೆಲಸ ಅಪ್ಪಟ ಇದ್ರೆ ಇನ್ಸ್‌ಪೆಕ್ಟರಿಗೆ ಅನುಮಾನ. ಏನೂ ಸಿಗಲಿಲ್ಲ ಅಂದ್ರೆ ಸಂಜೆವರೆಗೂ ಹುಡುಕ್ತಾನೆ, ಕೊನೆಗೆ ಗೋಡೇನೇ ಒಡೆಸ್ತಾನೆ. ಅದಕ್ಕೇ ಅವನಿಗೆ ಅಂತ ಒಂದು ತಪ್ಪು ಮೀಸಲಿಡ್ಬೇಕು. ಕಣ್ಣಿಗೆ ಕಾಣೋ ಹಾಗೆ. ಹಿಡೀತಾನೆ, ಬೈತಾನೆ, ಖುಷಿಯಾಗಿ ಸಹಿ ಹಾಕಿ ಹೋಗ್ತಾನೆ. ನೀನು ಒಂದು ಮಷೀನಿನ ಅರ್ಥಿಂಗ್ ನಟ್ಟು ಸಡಿಲ ಬಿಡು. ಯಾರಿಗೂ ಹೇಳ್ಬೇಡ."

"ಪಕ್ಕಾ," ಎಂದ ಪಕ್ಕಣ್ಣ.

ಅರ್ಧ ಗಂಟೆ ಬಿಟ್ಟು ಸ್ಟೈಲು ಬಂದು ಅದೇ ಗುಟ್ಟನ್ನು ಹೇಳಿದ. ಅವನ ಪ್ರಕಾರ ಮೀಸಲು ತಪ್ಪು ಅಂದರೆ ಒಂದು ಸ್ವಿಚ್‌ಬೋರ್ಡನ್ನು ಮಿಕ್ಕವಕ್ಕಿಂತ ಎತ್ತರದಲ್ಲಿ ಕೂರಿಸುವುದು. ಸಂಜೆ ಅಮ್ಮಾವ್ರು ಬಂದು, ಬೋರ್ಡಿನಲ್ಲಿ ಒಂದು ಸ್ವಿಚ್ಚಿಗೆ ಹೆಸರು ಬರೆಯದೆ ಬಿಡು, ಸಾಹೇಬರಿಗೆ ತೃಪ್ತಿಯಾಗುತ್ತೆ ಎಂದು ಹರಸಿ ಹೋದರು. ಮೂರಕ್ಕೂ ಪಕ್ಕಾ. ಒಬ್ಬರ ಮಾತು ಕೇಳಿ ಇಬ್ಬರ ಮಾತು ಬಿಟ್ಟರೆ ಅವರಿಗೆ ಬೇಜಾರಾಗುವುದಿಲ್ಲವೇ?

ಗುರುವಾರ ಮಧ್ಯಾಹ್ನ ಪಕ್ಕಣ್ಣ ಒಬ್ಬನೇ ಕಾರ್ಖಾನೆಯಲ್ಲಿ ಕೂತು ತಪ್ಪು ಮಾಡಲು ತೊಡಗಿದ. ಜೀವಮಾನದಲ್ಲಿ ಅವನು ಬೇಕೆಂದು ತಪ್ಪು ಮಾಡಿದವನಲ್ಲ, ಅದಕ್ಕೆ ಬೇಕಾದ ಅಭ್ಯಾಸವೇ ಇರಲಿಲ್ಲ. ಮೂರನೇ ಮಷೀನಿನ ನಟ್ಟನ್ನು ಅರ್ಧ ಸುತ್ತು ಬಿಚ್ಚಿದ. ಮನಸ್ಸು ತಡೆಯದೆ ಮತ್ತೆ ಬಿಗಿದ. ದೊಡ್ಡಪ್ಪನ ಮುಖ ನೆನಪಾಗಿ ಮತ್ತೆ ಬಿಚ್ಚಿ, ಒಳಗಿನ ವಾಷರನ್ನು ತೆಗೆದು ಜೇಬಿಗೆ ಹಾಕಿಕೊಂಡ. ಬಾಗಿಲ ಪಕ್ಕದ ಸ್ವಿಚ್‌ಬೋರ್ಡು ಕಿತ್ತು ಒಂದು ಮೊಳ ಮೇಲೆ ಕೂರಿಸಿದ, ಆದರೆ ಅಲ್ಲೂ ನೀರುಮಟ್ಟ ಇಟ್ಟು ನೋಡಿ ಒಂದಿಷ್ಟೂ ಓರೆಯಾಗದಂತೆ ಕೂರಿಸಿದ. ಕೊನೆಗೆ ದೊಡ್ಡ ಬೋರ್ಡಿನಲ್ಲಿ 'ಇಸ್ತ್ರಿ' ಎಂದು ತಾನೇ ಮುತ್ತಿನಂತೆ ಬರೆದು ಅಂಟಿಸಿದ್ದ ಚೀಟಿಯನ್ನು ಉಗುರಿಂದ ಕೆರೆದು ತೆಗೆದ. ಅವನಿಗೆ ಅಳು ಬರುವುದೊಂದು ಬಾಕಿ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಯ ಮುಂದೆ ಜಾತ್ರೆಯಷ್ಟು ಜನ. ಭಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಕುರ್ಚಿ ಜೋಡಿಸಿದ್ದರು. ಕಂಬದ ಎರಡೂ ಪಕ್ಷದವರು ಬಂದಿದ್ದರು. ಸ್ನೇಹಿತರು ತಬ್ಬಿಕೊಳ್ಳುವುದನ್ನು ನೋಡಲೆಂದು ಗುತ್ತಿಗೆದಾರರು ಮೂವರೂ ಕೆಲಸ ಬಿಟ್ಟು ಬಂದು ಗೋಡೆಗೆ ಒರಗಿ ನಿಂತಿದ್ದರು. ಆಗ ಪಕ್ಕಣ್ಣನಿಗೆ ಒಂದು ಸಣ್ಣ ವಿಷಯ ಹೊಳೆಯಿತು: ಇನ್ಸ್‌ಪೆಕ್ಟರ್ ಹೇಗಿದ್ದಾರೆಂದು ತನಗೆ ಗೊತ್ತಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಮುಂದೆ ದೊಡ್ಡ ಹೊಟ್ಟೆಯ, ದೊಡ್ಡ ಮೀಸೆಯ, ಕೈಯಲ್ಲಿ ದೊಡ್ಡ ಚರ್ಮದ ಪೆಟ್ಟಿಗೆ ಹಿಡಿದ ಗಂಭೀರ ವ್ಯಕ್ತಿ. ಹಿಂದೆ ಮಾಸಲು ಅಂಗಿಯ ಒಬ್ಬ ಕುಳ್ಳ. ನೀವಾದರೂ ಯಾರನ್ನು ಆರಿಸುತ್ತಿದ್ದಿರಿ? ಪಕ್ಕಣ್ಣ ಎರಡೂ ಕೈ ಚಾಚಿ ಓಡಿದ.

"ಏನೋ! ಎಷ್ಟು ವರ್ಷ ಆಯ್ತೋ! ಹಾಗೇ ಇದೀಯಲ್ಲೋ!"

ಮೀಸೆಯವರು ದಾರದ ಉಂಡೆ ಮಾರುವ ಕಂಪನಿಯ ಏಜೆಂಟರು. ಹೊಸ ಕಾರ್ಖಾನೆಯ ವಾಸನೆ ಹಿಡಿದು ಬಂದವರು. ಮಾರಾಟದ ಕಸುಬಿನವರು ಪ್ರೀತಿಯನ್ನು ಎಂದೂ ನಿರಾಕರಿಸುವುದಿಲ್ಲ. ಅವರೂ ಅಷ್ಟೇ ಗಟ್ಟಿಯಾಗಿ ತಬ್ಬಿಕೊಂಡು, "ನೀನೂ ಹಾಗೇ ಇದೀಯ ಕಣೋ! ಬಿಳಿ ದಾರ ಎಷ್ಟು ಬೇಕು?" ಎಂದರು.

ಗೋಡೆಯ ಕಡೆಯಿಂದ ದೊಡ್ಡಪ್ಪನ ಕೆಮ್ಮು ಕೇಳಿಸಿತು. ಸ್ಟೈಲು ಜೀವನದಲ್ಲಿ ಮೊದಲ ಸಲ ಕಪ್ಪು ಕನ್ನಡಕ ತೆಗೆದು ನೋಡಿದ.

ತಬ್ಬಿಕೊಂಡವರ ಪಕ್ಕದಲ್ಲಿ ನುಸುಳಿಕೊಂಡು ಕುಳ್ಳಗಿನವರು ಒಳಗೆ ಬಂದರು. "ನಿಮ್ಮದು ಮುಗೀಲಿ, ಅವಸರ ಇಲ್ಲ," ಎಂದರು ಮೆಲ್ಲಗೆ. "ಮೇನ್ ಬೋರ್ಡ್ ಎಲ್ಲಿದೆ?"

ಭಾವನವರ ಮುಖ ನೋಡಲು ಪಕ್ಕಣ್ಣನಿಗೆ ಧೈರ್ಯ ಬರಲಿಲ್ಲ.

ಸಾಹೇಬರು ಒಂದೊಂದಾಗಿ ನೋಡುತ್ತಾ ಹೋದರು. ಮೀಟರು ಹಚ್ಚಿದರು, ವೈರು ಎಳೆದರು, ಮಂಡಿಯೂರಿ ಮೇಜಿನ ಅಡಿ ಇಣುಕಿದರು. ಹನ್ನೊಂದು ಮಷೀನಿನ ಅರ್ಥಿಂಗ್ ಮುಟ್ಟಿ ತಲೆಯಾಡಿಸಿದರು. ಬೋರ್ಡಿನ ಒಳಗಿನ ವೈರುಗಳ ಸಾಲನ್ನು ಸುಮಾರು ಹೊತ್ತು ಸುಮ್ಮನೆ ನೋಡುತ್ತಾ ನಿಂತರು, ತೋಟ ನೋಡುವವರ ಹಾಗೆ. ಆಮೇಲೆ ಹೆಸರಿಲ್ಲದ ಸ್ವಿಚ್ಚಿನ ಮೇಲೆ ಬೆರಳಿಟ್ಟರು.

"ಇದು ಅಮ್ಮಾವ್ರ ಕೈ," ಎಂದರು.

ಅಮ್ಮಾವ್ರು ಸ್ಟೈಲಿನ ಬೆನ್ನ ಹಿಂದೆ ಸರಿದರು.

ಸಾಹೇಬರು ಬಾಗಿಲ ಪಕ್ಕದ ಸ್ವಿಚ್‌ಬೋರ್ಡಿಗೆ ಟೇಪು ಹಿಡಿದರು. "ಇದು ನಮ್ಮ ಕನ್ನಡಕದವರದು." ಆಮೇಲೆ ಮೂರನೇ ಮಷೀನಿನ ಮುಂದೆ ಬಗ್ಗಿ ನಟ್ಟು ಅಲ್ಲಾಡಿಸಿದರು. "ಇದು ದೊಡ್ಡಪ್ಪನವರದು, ವಾಷರ್ ಇಲ್ಲ. ಏನ್ರೀ, ಈ ಮೂವರೂ ಸೇರಿ ಇಲ್ಲಿ ಕೆಲಸ ಮಾಡಿದ್ರಾ?"

ಆಗ ಕೋಣೆಯಲ್ಲಿದ್ದ ಎಲ್ಲರಿಗೂ ಏಕಕಾಲಕ್ಕೆ ಅರ್ಥವಾಯಿತು. ಸಾಹೇಬರಿಗೆ ಅರ್ಥಿಂಗ್ ಹುಚ್ಚೂ ಇರಲಿಲ್ಲ, ಟೇಪಿನ ಹುಚ್ಚೂ ಇರಲಿಲ್ಲ. ಅವರು ಎಲ್ಲ ಕಡೆಯೂ ಎಲ್ಲವನ್ನೂ ನೋಡುತ್ತಿದ್ದರು. ಯಾರ ಕೆಲಸದಲ್ಲಿ ಯಾವುದು ಸರಿಯಿಲ್ಲವೋ ಅದನ್ನು ಬರೆಯುತ್ತಿದ್ದರು, ಅಷ್ಟೇ. ಹನ್ನೊಂದು ವರ್ಷ ಡ್ರಮ್ಮಿನ ಮೇಲೆ ಕೂತು ಮೂವರೂ ವರ್ಣಿಸಿದ್ದು ತಂತಮ್ಮ ಹುಳುಕನ್ನೇ.

"ಇಲ್ಲ ಸಾರ್," ಎಂದ ಪಕ್ಕಣ್ಣ. "ಎಲ್ಲಾ ನಾನೇ ಮಾಡಿದ್ದು. ಈ ಮೂರೂ ಬೇಕಂತಲೇ ಮಾಡಿದೆ. ತಮಗೆ ಅಂತ ಮೀಸಲಿಟ್ಟಿದ್ದು ಸಾರ್. ಏನೂ ಸಿಗದಿದ್ರೆ ತಮಗೆ ಬೇಜಾರಾಗುತ್ತೆ ಅಂತ ಇವರೆಲ್ಲ ಹೇಳಿದ್ರು."

ಸಾಹೇಬರು ನಿಧಾನವಾಗಿ ಗೋಡೆಯ ಕಡೆ ತಿರುಗಿದರು. "ಅಂದ್ರೆ ದೊಡ್ಡಪ್ಪನೋರೇ, ಹನ್ನೊಂದು ವರ್ಷದಿಂದ ನೀವು ನಟ್ಟು ಸಡಿಲ ಬಿಟ್ಟಿದ್ದು ನನ್ನ ಖುಷಿಗಾ? ಬೇಕಂತ ಬಿಟ್ರಾ, ಇಲ್ಲಾ ಬಿಗಿ ಮಾಡಕ್ಕೆ ಬರಲ್ವಾ?"

ದೊಡ್ಡಪ್ಪ ಅಡಕತ್ತರಿಯಲ್ಲಿ ಸಿಕ್ಕಂತಾದರು. ಬೇಕಂತ ಎಂದರೆ ಲೈಸೆನ್ಸ್ ಹೋಗುತ್ತದೆ. ಬರಲ್ಲ ಎಂದರೆ ಮಾನ ಹೋಗುತ್ತದೆ. ಅವರು ಮೇಲೆ ನೋಡಿದರು, ಕೆಳಗೆ ನೋಡಿದರು, ದಾರದ ಏಜೆಂಟರನ್ನೂ ನೋಡಿದರು. ಕೊನೆಗೆ ಲೈಸೆನ್ಸೇ ಗೆದ್ದಿತು. "ಬರಲ್ಲ ಸಾರ್," ಎಂದರು ನೆಲ ನೋಡುತ್ತಾ.

"ನನಗೂ ಬರಲ್ಲ ಸಾರ್," ಎಂದು ಸ್ಟೈಲು ಕೇಳುವ ಮೊದಲೇ ಒಪ್ಪಿಕೊಂಡ.

ಅಕ್ಕ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ನನ್ನ ಕಾರ್ಖಾನೇಲಿ ಬೇಕಂತ ತಪ್ಪು ಮಾಡಿಟ್ಯೇನೋ? ನಾಳೆ ಒಬ್ಬ ಹೆಂಗಸಿಗೆ ಶಾಕ್ ಹೊಡೆದಿದ್ರೆ?" ಎಂದಳು. ಬೈಯುತ್ತಾಳೆಂದುಕೊಂಡರೆ ಅವಳ ದನಿ ನಡುಗುತ್ತಿತ್ತು. "ಇಪ್ಪತ್ತು ವರ್ಷ ಕಣೋ. ನಿನ್ನೊಬ್ಬನ್ನ ನಂಬಿದ್ದೆ."

ನೆಲ ಬಾಯಿ ಬಿಟ್ಟಿದ್ದರೆ ಪಕ್ಕಣ್ಣ ಆ ಕ್ಷಣವೇ ಇಳಿದುಬಿಡುತ್ತಿದ್ದ. ಜೇಬಿನಿಂದ ಸ್ಪಾನರ್ ಎಳೆದುಕೊಂಡು ಮೂರನೇ ಮಷೀನಿನ ಕಡೆ ಧಾವಿಸಿದ. "ಈಗಲೇ ಸರಿ ಮಾಡ್ತೀನಕ್ಕಾ, ಎರಡೇ ನಿಮಿಷ."

"ನೀವು ಮುಟ್ಟಬಾರದು," ಎಂದರು ಸಾಹೇಬರು. "ನಾನು ಪಕ್ಕದ ಬೀದಿಯ ಹಿಟ್ಟಿನ ಗಿರಣಿ ನೋಡ್ಕೊಂಡು ಮೂರು ಗಂಟೆಗೆ ಬರ್ತೀನಿ. ಅಷ್ಟರಲ್ಲಿ ಯಾರ ತಪ್ಪೋ ಅವರೇ ಸರಿ ಮಾಡಿರಬೇಕು. ಸರಿ ಇದ್ರೆ ಸಹಿ. ಇಲ್ಲ ಅಂದ್ರೆ ಮುಂದಿನ ತಿಂಗಳು."

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ಮಾಡದಿದ್ದ ಕೆಲಸವನ್ನು ಆ ಮೂವರೂ ಈಗ ನಾಲ್ಕೇ ತಾಸಿನಲ್ಲಿ ಮಾಡಬೇಕು! ಅಕ್ಕನ ಕಾರ್ಖಾನೆ, ಹನ್ನೆರಡು ಹೆಂಗಸರ ಸೋಮವಾರ, ಎಲ್ಲವೂ ಅವರ ಕೈಯಲ್ಲಿ. ಭಾವನವರು ಪಕ್ಕಣ್ಣನಿಗೆ ಹಾಕಿದ್ದ ಕುರ್ಚಿಯಲ್ಲಿ ತಾವೇ ಕುಸಿದು ಕೂತರು.

ಪಕ್ಕಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವು ತಾವಾಗಿ ಬಿಚ್ಚಿಕೊಂಡು ಉಪಕರಣದ ಕಡೆ ಹೋಗುತ್ತಿದ್ದುದರಿಂದ, ಅಕ್ಕ ಅಳತೆಪಟ್ಟಿಯಿಂದ ಅವನ್ನು ಕಟ್ಟಿಯೇಬಿಟ್ಟಳು.

ದೊಡ್ಡಪ್ಪ ನಟ್ಟಿನ ಮುಂದೆ ಕೂತರು. ಪಕ್ಕಣ್ಣನ ಜೇಬಿಂದ ತೆಗೆದುಕೊಂಡ ವಾಷರ್ ಕೈಯಿಂದ ಜಾರಿತು, ಹುಡುಕಿದರು, ಮತ್ತೆ ಜಾರಿತು. ನಾಲ್ಕನೇ ಸಲಕ್ಕೆ ಪಕ್ಕಣ್ಣ ಬಗ್ಗಿ ನೋಡಿದರೆ ಅವರು ವಾಷರನ್ನು ನಟ್ಟಿನಿಂದ ಒಂದು ಬೆರಳಿನಾಚೆ ಗಾಳಿಗೆ ತೊಡಿಸುತ್ತಿದ್ದಾರೆ. "ದೊಡ್ಡಪ್ಪ, ನಿಮಗೆ ಕಣ್ಣು ಕಾಣ್ಸಲ್ವಾ?" ಎಂದ. "ಮೆಲ್ಲಗೆ ಮಾತಾಡಯ್ಯ!" ಎಂದು ಅವರು ಹಲ್ಲು ಕಚ್ಚಿದರು. "ಕನ್ನಡಕ ಹಾಕಿದ್ರೆ ವಯಸ್ಸಾಯ್ತು ಅಂತಾರೆ, ಕೆಲಸ ಕೊಡ್ತಾರಾ?" ಅಕ್ಕ ಸೂಜಿಗೆ ದಾರ ಪೋಣಿಸುವ ತನ್ನ ಕನ್ನಡಕ ತಂದು, ಕೇಳದೆ ಅವರ ಮೂಗಿನ ಮೇಲಿಟ್ಟಳು. ದೊಡ್ಡಪ್ಪ ನಟ್ಟನ್ನು ನೋಡಿದರು. "ಅಯ್ಯೋ, ಇಷ್ಟು ದೊಡ್ಡದಾಗಿರುತ್ತಾ ಇದು!" ಎಂದು ಉದ್ಗರಿಸಿ, ಒಂದೇ ಏಟಿಗೆ ಬಿಗಿದರು.

ಸ್ಟೈಲಿನ ಬಳಿ ಟೇಪೇ ಇರಲಿಲ್ಲ. ಇಷ್ಟು ವರ್ಷ ಅವನ ಅಳತೆಗೋಲು ಅವನ ಭುಜ. ಅವನ ಭುಜಕ್ಕೆ ಸರಿ ಇದ್ದರೆ ಲೋಕಕ್ಕೆಲ್ಲ ಸರಿ. "ಒಂದು ಸಲ ಹಾಕಿ ನೋಡಮ್ಮ ಸ್ವಿಚ್ಚು," ಎಂದು ಅಕ್ಕನನ್ನು ಕರೆದ. ಅಕ್ಕ ತುದಿಗಾಲಲ್ಲಿ ನಿಂತು, ಕೈ ಎಟಕದೆ, ಕೊನೆಗೆ ಬಟ್ಟೆ ಅಳೆಯುವ ಕೋಲು ತಂದು ಅದರಿಂದ ಕುಟ್ಟಿದಳು. ಅದನ್ನು ನೋಡಿ ಸ್ಟೈಲಿಗೆ ಏನನ್ನಿಸಿತೋ, ಸದ್ದಿಲ್ಲದೆ ಅಂಗಿಯ ತೋಳು ಮಡಚಿ ಬೋರ್ಡು ಬಿಚ್ಚತೊಡಗಿದ. ಅವಳ ಕೈ ಎಲ್ಲಿಗೆ ಎಟಕುತ್ತದೆ ಎಂದು ಎರಡೆರಡು ಸಲ ಕೇಳಿದ.

ಎರಡೂವರೆಯಾಯಿತು. ಅಮ್ಮಾವ್ರು ಮಾತ್ರ ಚೀಟಿ, ಪೆನ್ನು ಹಿಡಿದು ಬೋರ್ಡಿನ ಮುಂದೆ ನಿಂತಲ್ಲೇ ನಿಂತಿದ್ದರು. ಚೀಟಿಯ ಮೇಲೆ ಒಂದು ಚುಕ್ಕಿಯೂ ಬಿದ್ದಿರಲಿಲ್ಲ.

"ಬರೀರಿ ಅಮ್ಮಾವ್ರೇ, 'ಇಸ್ತ್ರಿ' ಅಂತ. ಒಂದೇ ಮಾತು," ಎಂದ ಪಕ್ಕಣ್ಣ.

ಅವರು ತಿರುಗಲಿಲ್ಲ. "ನಾನು ಶಾಲೆಗೆ ಹೋದೋಳಲ್ಲ ಕಣಪ್ಪ," ಎಂದರು ಬಹಳ ಮೆಲ್ಲಗೆ. "ಯಜಮಾನ್ರು ಕೆಲಸ ಕಲಿಸಿದ್ರು. ಅಕ್ಷರ ಕಲಿಸೋದ್ರೊಳಗೆ ಹೋಗ್ಬಿಟ್ರು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ನೋಡ್ಕೊಂಡು ಓದಕ್ಕೆ ಹೇಗೋ ಕಲ್ತೆ. ಬರೆಯಕ್ಕೆ ಕೈ ಬರಲ್ಲ. ಆ ಪುಣ್ಯಾತ್ಮರು ಪ್ರತಿ ಸಲ 'ಬರೀರಿ ತಾಯಿ' ಅಂತಾರೆ, ನಾನು ಪ್ರತಿ ಸಲ ಪಕ್ಕದ ಮನೆಯವರ ಹತ್ರ ಬರೆಸಿ ಅಂಟಿಸ್ತೀನಿ."

ಪಕ್ಕಣ್ಣನ ಕೈ ಕಟ್ಟಿತ್ತು, ಬಾಯಿ ಕಟ್ಟಿರಲಿಲ್ಲ. ಅವನು ಅಕ್ಕನನ್ನು ನೋಡಿದ. ಅಕ್ಕ ಒಂದು ತುಂಡು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಅಂಗೈಯಗಲ ಅಕ್ಷರ ಬರೆದು ಹಿಡಿದಳು. "ಇದೂ ಒಂದು ಗೆರೆ ಅಮ್ಮಾವ್ರೇ," ಎಂದ ಪಕ್ಕಣ್ಣ. "ವೈರು ಬಗ್ಗಿಸ್ತೀರಲ್ಲ, ಹಾಗೇ. ಇಲ್ಲಿಂದ ಎಳೀರಿ, ಇಲ್ಲಿ ತಿರುವಿ, ಹಾ, ಹೀಗೇ." ಅಮ್ಮಾವ್ರು ನಾಲಗೆ ಕಚ್ಚಿಕೊಂಡು ಬರೆದರು. ಒಂದು ಚೀಟಿ ಹರಿಯಿತು, ಎರಡನೆಯದರಲ್ಲಿ ಜಾಗ ಸಾಲದೆ ಹೋಯಿತು. ದೊಡ್ಡಪ್ಪ, ಸ್ಟೈಲು, ಭಾವನವರು, ಕಂಬದ ಎರಡೂ ಪಕ್ಷದವರು ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದರು. ದಾರದ ಏಜೆಂಟರು ಗೋಂದು ಹಿಡಿದಿದ್ದರು. ಆರನೇ ಚೀಟಿ ಬೋರ್ಡಿಗೆ ಅಂಟಿಕೊಳ್ಳುವುದಕ್ಕೂ ಹೊರಗೆ ಸ್ಕೂಟರ್ ನಿಲ್ಲುವುದಕ್ಕೂ ಸರಿಹೋಯಿತು.

ಸಾಹೇಬರು ನಟ್ಟು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ಟೇಪು ಹಿಡಿದರು, ತಲೆಯಾಡಿಸಿದರು. ಬೋರ್ಡಿನ ಬಾಗಿಲು ತೆರೆದರು. ಚೀಟಿಯ ಮೇಲೆ 'ಇಸ್ತ್ರಿ' ಎಂಬ ಅಕ್ಷರಗಳು ಇಳಿಜಾರಿನಲ್ಲಿ ಇಳಿಯುವ ಮಕ್ಕಳಂತೆ ಒಂದರ ಮೇಲೊಂದು ಬಿದ್ದಿದ್ದವು. ಸಾಹೇಬರು ಕತ್ತು ಓರೆ ಮಾಡಿ ಅದನ್ನು ನೋಡಿದರು. ಅಮ್ಮಾವ್ರು ಕಣ್ಣು ಮುಚ್ಚಿಕೊಂಡಿದ್ದರು.

"ಓದಕ್ಕಾಗುತ್ತೆ," ಎಂದರು ಸಾಹೇಬರು. "ಕರೆಂಟಿಗೆ ಅಷ್ಟೇ ಬೇಕಾದ್ದು." ಎಂದವರೇ ಸಹಿ ಹಾಕಿ, ಇಕ್ಕಳ ತೆಗೆದು ಸೀಲು ಕತ್ತರಿಸಿದರು.

ಅಮ್ಮಾವ್ರು ಅತ್ತುಬಿಟ್ಟರು. ಅಕ್ಕ ಮೇನ್ ಸ್ವಿಚ್ ಹಾಕಿ, ಓಡಿಹೋಗಿ ಮೊದಲನೇ ಮಷೀನಿನಲ್ಲಿ ಕೂತು, ಕೈಗೆ ಸಿಕ್ಕ ಬಟ್ಟೆಯನ್ನು ಒಳಗೆ ತಳ್ಳಿದಳು. ಮಷೀನು ಗರ್ರೆಂದು ಹೊಲಿಯಿತು. ಅವಳು ನಗುತ್ತಾ, ಕಣ್ಣು ಒರೆಸಿಕೊಳ್ಳುತ್ತಾ, "ಕತ್ತೆ, ಇನ್ನೊಂದು ಸಲ ಹೀಗೆ ಮಾಡಿದ್ರೆ ಕಾಲು ಮುರೀತೀನಿ!" ಎಂದು ತಮ್ಮನಿಗೆ ಬೈದಳು. ಆ ಬೈಗುಳ ಕೇಳಿ ಪಕ್ಕಣ್ಣನಿಗೆ ಹೋದ ಜೀವ ಬಂತು. ಅವನ ಕೈಕಟ್ಟು ಬಿಚ್ಚಿದವರು ಭಾವನವರು. "ಬೋರ್ಡಿನ ಒಳಗೆ ನಾನೂ ಇಣುಕಿ ನೋಡಿದೆ," ಎಂದು ಗೊಣಗಿದರು. "ಚೆನ್ನಾಗಿ ಮಾಡಿದೀಯಪ್ಪ."

ಪಕ್ಕಣ್ಣ ಸಾಹೇಬರನ್ನು ಬೀದಿಯವರೆಗೆ ಕಳಿಸಲು ಹೋದ. "ಸಾರ್, ಒಂದೇ ಬೆಂಚು ಅಂತ ಊರಿಗೆಲ್ಲ ಸುಳ್ಳು ಹೇಳ್ಬಿಟ್ಟೆ. ತಪ್ಪಾಯ್ತು," ಎಂದ.

"ನಾನು ಯಾವ ಬೆಂಚಿನಲ್ಲೂ ಜಾಸ್ತಿ ಹೊತ್ತು ಕೂತೋನಲ್ಲ. ಮೇಷ್ಟ್ರು ನಿಲ್ಲಿಸೇ ಇರ್ತಿದ್ರು," ಎಂದರು ಸಾಹೇಬರು. ಸ್ಕೂಟರ್ ಏರಿದವರು ಕಿಕ್ ಒದೆಯಲಿಲ್ಲ. ಆಚೀಚೆ ನೋಡಿ ದನಿ ತಗ್ಗಿಸಿದರು. "ನೋಡಿ, ಸಹಿ ಹಾಕಿ ಆಯ್ತು, ಈಗ ಕೇಳಬಹುದು. ನಮ್ಮನೆ ಅಡುಗೆಮನೇಲಿ ಎರಡು ವರ್ಷದಿಂದ ಒಂದು ಸ್ವಿಚ್ಚು ಚಟಪಟ ಅಂತಿದೆ. ಈ ಊರಿನ ಯಾರನ್ನೂ ಬೋರ್ಡು ಮುಟ್ಟಕ್ಕೆ ಬಿಟ್ಟಿಲ್ಲ ನಾನು. ನಿಮ್ಮ ಕೆಲಸ ನೋಡಿದ ಮೇಲೆ... ಭಾನುವಾರ ಬರಕ್ಕಾಗುತ್ತಾ?"

'ಪಕ್ಕಾ' ಎನ್ನಲು ತೆರೆದ ಬಾಯಿಯನ್ನು ಪಕ್ಕಣ್ಣ ಈ ಸಲ ಮುಚ್ಚಿಕೊಂಡ. ಬೆವರು ಒರೆಸಿಕೊಂಡು ಕೇಳಿದ, "ಅಲ್ಲಿ ಇನ್ಸ್‌ಪೆಕ್ಷನ್ ತಾವೇ ಮಾಡ್ತೀರಾ ಸಾರ್?"

"ಇಲ್ಲಪ್ಪ, ನಮ್ಮನೆಯವಳು," ಎಂದು ನಿಟ್ಟುಸಿರುಬಿಟ್ಟರು ಸಾಹೇಬರು. "ಹುಷಾರಾಗಿ ಮಾಡಿ. ಅವಳ ಹತ್ರ ನಾನೇ ಇನ್ನೂ ಪಾಸಾಗಿಲ್ಲ."